ಬಯಕೆಯ ಬೋಗಣಿ

ಜೂನ್ ಹತ್ತನೇ ತಾರೀಖು, ಮಂಗಳವಾರ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಕೊಟ್ಟೂರು ಪೊಲೀಸ್ ಠಾಣೆಗೆ ಬಂದ ಭೀಮರಾಜ, ಕೂತುಕೊಳ್ಳಿ ಎಂದರೂ ಕೂರಲಿಲ್ಲ. ಹರಪನಹಳ್ಳಿಯ ಅಂಚೆ ಕಚೇರಿಯಲ್ಲಿ ಕೌಂಟರಿನ ಒಳಗೆ ಕೂತು ತಲೆ ಬೆಳ್ಳಗಾದ ಮನುಷ್ಯ ಅವನು. ಹೊರಗೆ ನಿಂತು ಕೇಳಿಕೊಳ್ಳುವುದು ಅವನಿಗೆ ರೂಢಿಯಿಲ್ಲ. ಅಂಗಿಯ ಜೇಬಿನಿಂದ ಆಸ್ಪತ್ರೆಯ ಚೀಟಿ ತೆಗೆದು ಮೇಜಿನ ಮೇಲಿಟ್ಟು, ಫ್ಯಾನಿನ ಗಾಳಿಗೆ ಹಾರದಂತೆ ಎರಡು ಬೆರಳು ಒತ್ತಿ ಹಿಡಿದ.

"ನನ್ನ ಮಗಳಿಗೆ ಆಕಿ ಅತ್ತಿ ವಿಷ ಹಾಕ್ಯಾಳ್ರಿ. ದೂರು ಬರಕೊಳ್ರಿ."

ಪಿಎಸ್‌ಐ ಅರ್ಚನಾ ಚೀಟಿ ಓದಿದಳು. ದಾವಣಗೆರೆಯ ಡಾಕ್ಟರು ಬರೆದದ್ದು. ಸಮತಾ, ಇಪ್ಪತ್ತೆಂಟು ವರ್ಷ, ಐದು ತಿಂಗಳ ಬಸುರಿ. ಹೊಟ್ಟೆನೋವು, ಸುಸ್ತು, ಎಷ್ಟು ಕಬ್ಬಿಣದ ಮಾತ್ರೆ ನುಂಗಿದರೂ ಏರದ ರಕ್ತ. ಕೊನೆಗೆ ಅನುಮಾನ ಬಂದು ರಕ್ತದಲ್ಲಿ ಸೀಸ ಎಷ್ಟಿದೆ ಎಂದು ನೋಡಿಸಿದರೆ, ಐದರೊಳಗೆ ಇರಬೇಕಾದದ್ದು ಮೂವತ್ತೆಂಟು ಇತ್ತು. ಸೀಸ ಎಲ್ಲಿಂದ ಬರುತ್ತಿದೆಯೆಂದು ಪತ್ತೆಯಾಗಿ ನಿಲ್ಲದಿದ್ದರೆ ಕೂಸು ಉಳಿಯುವುದು ಕಷ್ಟ, ಉಳಿದರೂ ಅದರ ಬುದ್ಧಿ ಬೆಳೆಯುವುದು ಕಷ್ಟ ಎಂದು ಕೆಳಗೆ ಬರೆದಿತ್ತು.

ಅರ್ಚನಾ ಹೂವಿನಹಡಗಲಿ ಕಡೆಯವಳು, ಈ ಠಾಣೆಗೆ ಬಂದು ಒಂದೂವರೆ ವರ್ಷವಾಗಿತ್ತು. ಅವಳದೊಂದು ರೀತಿಯಿತ್ತು. ಪ್ರಶ್ನೆಯನ್ನು ಒಂದೇ ಸಲ ಕೇಳುತ್ತಿದ್ದಳು, ಆಮೇಲೆ ಕೈಕಟ್ಟಿ ಕಾಯುತ್ತಿದ್ದಳು. ಎದುರಿನವರು ಕೆಮ್ಮಿ, ಹೊರಳಿ, ಕಿಟಕಿ ನೋಡಿ, ಕೊನೆಗೆ ತಾವಾಗಿಯೇ ಬಾಯಿ ಬಿಡುತ್ತಿದ್ದರು. "ನಮ್ಮ ಮೇಡಂ ಲಾಠಿ ಎತ್ತಂಗಿಲ್ಲ, ಸುಮ್ಮನ ಕುಂದರತಾರ. ಅದಕ್ಕಿಂತ ಲಾಠಿನ ವಾಸಿ" ಎಂದು ಹೆಡ್ ಕಾನ್‌ಸ್ಟೆಬಲ್ ಸುಂಕಪ್ಪ ಊರಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದ.

"ಅತ್ತಿ ಮ್ಯಾಲೆ ಯಾಕ ಅನುಮಾನ?" ಎಂದು ಕೇಳಿ ಅರ್ಚನಾ ಕಾದಳು.

"ಮಗಳದು ಆಕಿನ ಮೆಚ್ಚಿ ಮಾಡಿಕೊಂಡ ಮದುವಿ. ಹುಡುಗ ಹಂಪೇಶ್ ಒಳ್ಳೇವನ. ಮನಿಯವರು ಲಿಂಗಾಯತರು, ನಾವು ಬೌದ್ಧರು. ಮದುವಿ ಆದ ಮ್ಯಾಲೆ ಒಂದು ವರ್ಷ ನನ್ನ ಮಗಳ ತಾಟು, ಲೋಟ ಬ್ಯಾರೆ ಮಾಡಿ ಕಿಟಕಿಯಾಗ ಇಟ್ಟಿದ್ರು. ಆಕಿ ನಮಗ ಹೇಳಿರಲಿಲ್ಲ. ಒಂದಿನ ಹೋದಾಗ ನಾನ ಕಂಡೆ. ನನಗೂ ಅದ ಲೋಟದಾಗ ಚಾ ಕೊಟ್ರು."

"ಕುಡದ್ರೇನು?"

"ಮಗಳ ಮುಖ ನೋಡಿ ಕುಡದೆ." ಅವನ ದನಿ ಒಂದಿಷ್ಟು ಕುಸಿಯಿತು. "ಒಂದು ಕೇಳತೀನಿ, ಬ್ಯಾಸರ ಮಾಡಬ್ಯಾಡ್ರಿ. ನೀವೂ ಅವರ ಪೈಕಿನ ಏನ್ರಿ?"

"ಹೌದು," ಅಂದಳು ಅರ್ಚನಾ. "ಎಫ್‌ಐಆರ್‌ನಾಗ ನನ್ನ ಜಾತಿ ಬರಿಯೋ ಜಾಗ ಇಲ್ಲ. ಕೂತ್ಕೊಂಡು ಹೇಳ್ರಿ."

ಆಗ ಭೀಮರಾಜ ಕೂತ. ಹನ್ನೊಂದೂ ಐವತ್ತಕ್ಕೆ ಎಫ್‌ಐಆರ್ ದಾಖಲಾಯಿತು. ವಿಷ ಕೊಟ್ಟು ಹಾನಿ ಮಾಡಿದ ಕಲಂ. ಆರೋಪಿ: ಅನ್ನದಾನಮ್ಮ, ಗಂಡ ದಿವಂಗತ ನಾಗಪ್ಪ, ವಯಸ್ಸು ಅರವತ್ತು, ಕೊಟ್ಟೂರು. ಸಮತಾಳನ್ನು ವಾರದ ಹಿಂದೆಯೇ ತವರಿಗೆ ಕರೆದೊಯ್ದಾಗಿತ್ತು.

ಮರುದಿನ ಅರ್ಚನಾ, ಸುಂಕಪ್ಪ, ಮಹಿಳಾ ಕಾನ್‌ಸ್ಟೆಬಲ್ ಮಂಜಮ್ಮ ಇಬ್ಬರು ಪಂಚರನ್ನು ಕರೆದುಕೊಂಡು ಅನ್ನದಾನಮ್ಮನ ಮನೆಗೆ ಹೋದರು. ಮುಂದೆ ಹಂಪೇಶನ ಹಾರ್ಡ್‌ವೇರ್ ಅಂಗಡಿ, ಹಿಂದೆ ಮನೆ. ಅಂಗಡಿಯ ಒಂದು ಗೋಡೆಯ ತುಂಬ ಬಣ್ಣದ ಡಬ್ಬಿಗಳು ಕಂಡದ್ದೇ ಸುಂಕಪ್ಪನ ಮುಖ ಅರಳಿತು.

"ಮೇಡಂ, ಬಣ್ಣದಾಗ ಸೀಸ ಇರತೈತಿ ಅಂತಾರ. ಕೇಸ್ ಮುಗೀತು ನೋಡ್ರಿ."

"ಆಕಿ ಬಣ್ಣ ನೆಕ್ಕತಿದ್ಲೇನು ಸುಂಕಪ್ಪಣ್ಣ?" ಅಂದಳು ಅರ್ಚನಾ. ಆದರೂ ನಾಲ್ಕು ಡಬ್ಬಿ ಬಣ್ಣ ತೆಗೆಸಿದಳು. ಅನುಮಾನವೆಂದರೆ ಎಲ್ಲದರ ಮೇಲೂ ಅನುಮಾನ.

ಅಡುಗೆಮನೆಯಲ್ಲಿ ಅನ್ನದಾನಮ್ಮ ಕೇಳಿದ್ದನ್ನೆಲ್ಲ ತೆಗೆದುಕೊಟ್ಟಳು. ಅರಿಶಿನ, ಖಾರದ ಪುಡಿ, ಬೆಲ್ಲ, ಎಣ್ಣೆ, ಅಕ್ಕಿ, ಜೋಳದ ಹಿಟ್ಟು, ಕುಡಿಯುವ ನೀರು, ಕುಂಕುಮ, ಕಾಡಿಗೆ. ಎಲುಬು ಬಿಟ್ಟ ಸಣ್ಣ ಹೆಂಗಸು. ಒಂದೊಂದು ಡಬ್ಬಿ ಕೊಡುವಾಗಲೂ ಸೆರಗಿನಿಂದ ಅದರ ಮುಚ್ಚಳ ಒರೆಸಿ ಕೊಡುತ್ತಿದ್ದಳು, ಪೊಲೀಸರ ಮುಂದೆ ತನ್ನ ಡಬ್ಬಿಗಳಿಗೆ ಅವಮಾನವಾಗಬಾರದು ಎಂಬಂತೆ. ಕಿಟಕಿಯಲ್ಲಿ ತಾಟೂ ಇರಲಿಲ್ಲ, ಲೋಟವೂ ಇರಲಿಲ್ಲ. ಅಲ್ಲೊಂದು ತುಳಸಿಯ ಕುಂಡವಿತ್ತು.

"ಸೊಸಿ ಏನೇನು ಉಣತಿದ್ಲು?"

"ನಾವು ಉಂಡದ್ದ ಆಕಿ ಉಣತಿದ್ಲವ್ವ."

"ಆಕಿಗೆ ಅಂತ ಬ್ಯಾರೆ ಏನಾದರೂ ಮಾಡಿ ಕೊಡತಿದ್ರೇನು?"

ಅನ್ನದಾನಮ್ಮ ಒಲೆಯ ಕಡೆ ನೋಡಿದಳು. ಬಾಗಿಲಲ್ಲಿ ನಿಂತಿದ್ದ ಹಂಪೇಶ ತನ್ನ ಚಪ್ಪಲಿ ನೋಡಿಕೊಂಡ.

"ಇಲ್ರಿ," ಅಂದಳು.

ಆ 'ಇಲ್ರಿ' ಬರಲು ಹಿಡಿದ ಹೊತ್ತು ಅರ್ಚನಾಳ ಮನಸ್ಸಿನಲ್ಲಿ ಉಳಿಯಿತು. ಪಂಚನಾಮೆ ಮುಗಿದು ಮೊಹರು ಒತ್ತುವಾಗ ಅನ್ನದಾನಮ್ಮ ಮಂಜಮ್ಮನ ಹತ್ತಿರ ಬಂದು ಮೆಲ್ಲಗೆ, "ಆಕಿ ಹೊಟ್ಟಿ ನೋವು ಕಡಿಮಿ ಆಗೈತೇನವ್ವ?" ಎಂದು ಕೇಳಿದ್ದನ್ನೂ ಅವಳು ಕೇಳಿಸಿಕೊಂಡಳು. ವಿಷ ಹಾಕಿದವರು ಹೀಗೆ ಕೇಳುವುದಿಲ್ಲ ಎನ್ನಲು ಬರುವುದಿಲ್ಲ. ಹಾಕಿದವರೇ ಮೊದಲು ಕೇಳುವುದನ್ನೂ ಅವಳು ಕಂಡಿದ್ದಳು.

ಮಾದರಿಗಳನ್ನು ಅರ್ಚನಾ ತಾನೇ ದಾವಣಗೆರೆಯ ಪ್ರಯೋಗಾಲಯಕ್ಕೆ ಒಯ್ದಳು. ಅಲ್ಲಿನ ವಿಜ್ಞಾನಿ ಅಮೃತಾ, ಇವಳ ವಾರಿಗೆಯವಳೇ, ಮೊಹರು ನೋಡಿ ಸಹಿ ಮಾಡಿ ಯಂತ್ರ ತೋರಿಸಿದಳು. ನೋಡಲು ಅದೊಂದು ದೊಡ್ಡ ಫ್ರಿಜ್ಜನ್ನು ಅಡ್ಡ ಮಲಗಿಸಿದ ಹಾಗಿತ್ತು.

"ನೀವು ತಂದಿರೋದನ್ನ ಆಮ್ಲದಲ್ಲಿ ಪೂರ್ತಿ ಕರಗಿಸಿ, ಮಂಜಿನ ಹಂಗೆ ಮಾಡಿ ಇದರೊಳಗಿನ ಉರಿಗೆ ಊದ್ತೀವಿ. ಆ ಉರಿ ಸೂರ್ಯನ ಮೈಗಿಂತ ಬಿಸಿ. ಅಷ್ಟು ಬಿಸಿಗೆ ಒಂದೊಂದು ಲೋಹನೂ ತನ್ನದೇ ಬಣ್ಣದ ಬೆಳಕು ಬಿಡುತ್ತೆ. ಸೀಸದ್ದು ಸೀಸಕ್ಕೆ, ತಾಮ್ರದ್ದು ತಾಮ್ರಕ್ಕೆ. ಯಂತ್ರ ಆ ಬೆಳಕನ್ನ ಬಿಡಿಸಿ ಓದುತ್ತೆ."

ಸುಂಕಪ್ಪ ತಲೆ ಕೆರೆದುಕೊಂಡ. "ಅಂದ್ರ ಕತ್ತಲದಾಗ ಕೆಮ್ಮಿದ್ರ ಯಾರಂತ ಗೊತ್ತಾಗತೈತಲ್ಲ, ಹಂಗ?"

"ಹಂಗೇರಿ. ಎಷ್ಟು ಜೋರು ಕೆಮ್ಮಿದ್ರು ಅಂತನೂ ಗೊತ್ತಾಗುತ್ತೆ."

ವರದಿ ಬಂದದ್ದು ಜೂನ್ ಇಪ್ಪತ್ತಾರಕ್ಕೆ. ಅರಿಶಿನ, ಖಾರ, ಬೆಲ್ಲ, ನೀರು, ಯಾವುದೂ ಕೆಮ್ಮಿರಲಿಲ್ಲ. ಕುಂಕುಮ, ಕಾಡಿಗೆಗಳೂ ಸರಿಯಿದ್ದವು. ಬಣ್ಣದಲ್ಲೂ ಹೇಳುವಂಥದ್ದೇನಿರಲಿಲ್ಲ, ಸುಂಕಪ್ಪ ಎರಡು ದಿನ ಮಂಕಾಗಿದ್ದ. ಅರ್ಚನಾ ಮಾತ್ರ ಒಳಗೊಳಗೆ ಹಗುರಾದಳು. ಸೊಸೆ ತವರಿನಲ್ಲಿದ್ದಾಳೆ, ಇನ್ನು ರಕ್ತ ತಿಳಿಯಾಗುತ್ತದೆ ಎಂದುಕೊಂಡಳು.

ಜುಲೈ ಎರಡಕ್ಕೆ ಭೀಮರಾಜನ ಫೋನು ಬಂತು. ಎರಡನೇ ಸಲ ರಕ್ತ ನೋಡಿಸಿದ್ದರು. ಮೂವತ್ತೆಂಟು ಇದ್ದದ್ದು ನಲವತ್ತೊಂದಾಗಿತ್ತು.

"ನನ್ನ ಮನ್ಯಾಗ ಅದಾಳ್ರಿ ಆಕಿ," ಎಂದ. ಆಮೇಲೆ ತಾನೇ ಅಂದ: "ನಮ್ಮ ಮನಿ ಡಬ್ಬಿಗಳನ್ನೂ ಒಯ್ರಿ."

ಎಂಥ ಮಾತು ಅದು. ದೂರು ಕೊಟ್ಟ ತಂದೆ ತನ್ನದೇ ಅಡುಗೆಮನೆಯ ಮೇಲೆ ಅನುಮಾನ ಪಡಬೇಕಾಗಿ ಬಂದಿತ್ತು. ಅರ್ಚನಾ ಮರುದಿನವೇ ಮಂಜಮ್ಮನ ಜೊತೆ ಹರಪನಹಳ್ಳಿಗೆ ಹೋದಳು. ನಡುಮನೆಯಲ್ಲಿ ಬುದ್ಧನ ಚಿತ್ರ, ಅದರ ಕೆಳಗೆ ಸಮತಾ ಬಿ.ಎಡ್. ಮುಗಿಸಿದ ಫೋಟೊ. ಸಮತಾಳ ತಾಯಿ ಗಿಡ್ಡಮ್ಮ ನೀರು ಕೊಟ್ಟಳು, ಕೊಟ್ಟವಳು ಮಗಳ ಕೋಣೆಯ ಬಾಗಿಲು ಬಿಟ್ಟು ಅಲ್ಲಾಡಲಿಲ್ಲ.

"ಅಮ್ಮ, ನೀವು ಸ್ವಲ್ಪ ಹೊರಗಿರ್ರಿ," ಎಂದು ಅರ್ಚನಾ ಬಾಗಿಲು ಮುಂದೆ ಮಾಡಿದಳು.

ಸಮತಾ ಹಾಸಿಗೆಯ ಮೇಲೆ ದಿಂಬಿಗೊರಗಿ ಕೂತಿದ್ದಳು. ಮುಖದಲ್ಲಿ ರಕ್ತವಿರಲಿಲ್ಲ, ಆದರೆ ಟೀಚರಮ್ಮನ ನೆಟ್ಟ ನೋಟ ಹಾಗೇ ಇತ್ತು.

"ಎರಡೂ ಮನ್ಯಾಗ ನೀವು ತಿಂದದ್ದು ಒಂದ ಇರಬೇಕು. ಏನದು?"

ಕೇಳಿ ಅರ್ಚನಾ ಕಾದಳು. ಹೊರಗೆ ಗಿಡ್ಡಮ್ಮ ಸುಮ್ಮನೆ ಕೆಮ್ಮಿದ್ದು ಕೇಳಿಸಿತು. ಸಮತಾ ಎದ್ದು ಬೀರುವಿನ ಬಾಗಿಲು ತೆಗೆದು, ಸೀರೆಗಳ ಹಿಂದಿನಿಂದ ಒಂದು ಸ್ಟೀಲ್ ಡಬ್ಬಿ ತೆಗೆದಳು. ಮುಚ್ಚಳ ಬಿಚ್ಚುತ್ತಲೇ ಹುಣಸೆ, ಬೆಲ್ಲ, ಮೆಂತ್ಯದ ವಾಸನೆ ಕೋಣೆ ತುಂಬಿತು. ಮಂಜಮ್ಮನ ಬಾಯಲ್ಲಿ ನೀರೂರಿದ್ದು ಗಂಟಲ ಮೇಲೇ ಕಂಡಿತು.

"ಹುಣಸಿ ತೊಕ್ಕು. ನಮ್ಮ ಅತ್ತಿ ಮಾಡಿದ್ದು. ಅಪ್ಪಗ ಗೊತ್ತಾದ್ರ ಚೆಲ್ತಾರ ಅಂತ ಇಲ್ಲಿಟ್ಟೀನಿ. ನಮ್ಮವರು ನೋಡಾಕ ಬಂದಾಗ ತಂದು ಕೊಡತಾರ. ಅಮ್ಮಗ ಗೊತ್ತು."

"ಅವರು ವಿಷ ಹಾಕ್ಯಾರ ಅಂತ ನಿಮ್ಮಪ್ಪ ಕೇಸ್ ಹಾಕಿದ ಮ್ಯಾಲೂ ತಿಂದ್ರೇನು?"

"ಮೇಡಂ, ಆ ಮನ್ಯಾಗ ಒಂದು ವರ್ಷ ನಾನು ಅಡಿಗಿಮನಿ ಹೊಸ್ತಿಲು ದಾಟಲಿಲ್ಲ. ಅದು ಖರೇನ. ನನಗ ಎರಡು ತಿಂಗಳಾದಾಗ ಹುಳಿ ಬೇಕು ಅನಿಸ್ತು. ಯಾರ ಮುಂದೂ ಅಂದಿರಲಿಲ್ಲ. ಶಾಲಿಂದ ಬರಾಗ ಹುಣಸಿಕಾಯಿ ಕಚ್ಚಿಕೋತ ಬಂದದ್ದು ನಮ್ಮತ್ತಿ ನೋಡಿದ್ರು. ಮರುದಿನ ಅಟ್ಟ ಹತ್ತಿ ತಮ್ಮ ಬೋಗಣಿ ಇಳಿಸಿದ್ರು. ಅವರು ಬಸುರಿದ್ದಾಗ ಅವರವ್ವ ಬಯಕಿ ಮಾಡಿಕೊಟ್ಟ ಬೋಗಣಿ ಅದು. ಕೆಲವು ದಿನ ಬಿಟ್ಟು ಅದರಾಗ ತೊಕ್ಕು ಮಾಡಿ, ಕಿಟಕಿಯಾಗಿನ ನನ್ನ ತಾಟು ಒಳಗ ತಂದು, ಒಲಿ ಮುಂದ ಕುಂದ್ರಿಸಿ ಬಡಿಸಿದ್ರು. ಇದನ್ನ ಹೆಂಗ ಬಿಡಲ್ರಿ?"

ಬೇರೆ ಯಾರಾದರೂ ಇದನ್ನು ತಿಂದಿದ್ದಾರೆಯೇ ಎಂದು ಅರ್ಚನಾ ಕೇಳಿದಳು. ಬಾಗಿಲ ಆಚೆಯಿಂದ ಗಿಡ್ಡಮ್ಮನೇ ಉತ್ತರ ಕೊಟ್ಟಳು. "ಬಯಕಿ ಪಾಲಿಗೆ ಯಾರೂ ಕೈ ಹಾಕಂಗಿಲ್ರಿ. ಅದು ಹೊಟ್ಟ್ಯಾಗಿನ ಕೂಸಿಂದು."

ಡಬ್ಬಿಗೆ ಮೊಹರು ಬಿತ್ತು. ಭೀಮರಾಜ ಪಂಚನಾಮೆ ಓದಿ, ಹೆಂಡತಿಯ ಮುಖ ಒಮ್ಮೆ, ಮಗಳ ಮುಖ ಒಮ್ಮೆ ನೋಡಿ ಅಂಗಳಕ್ಕೆ ಹೋಗಿ ನಿಂತ.

ಜುಲೈ ಹದಿನಾಲ್ಕಕ್ಕೆ ವರದಿ ಬಂತು. ತೊಕ್ಕಿನಲ್ಲಿ ಸೀಸ, ಇರಬಹುದಾದ ಮಿತಿಗಿಂತ ಹದಿನಾರು ಪಟ್ಟು. ಸುಂಕಪ್ಪ ಜೀಪಿನ ಕೀಲಿ ತೆಗೆದುಕೊಂಡು ಬಾಗಿಲಲ್ಲಿ ನಿಂತ. ಈಗ ಅವನ ಮುಖವೂ ಅರಳಿರಲಿಲ್ಲ.

"ಏನೂ ಕೊಟ್ಟಿಲ್ಲ ಅಂತ ನಮ್ಮ ಮುಂದ ಸುಳ್ಳು ಹೇಳ್ಯಾಳ. ಕೇಸ್ ಆದ ಮ್ಯಾಲೂ ಕದ್ದು ಕಳಿಸ್ಯಾಳ. ಇನ್ನೇನು ಉಳೀತ್ರಿ ಮೇಡಂ?"

ಉಳಿದದ್ದು ವರದಿಯ ಅಡಿಯಲ್ಲಿ ಅಮೃತಾ ಬರೆದ ಒಂದು ಸಾಲು. ತವರವೂ ಹೆಚ್ಚಿದೆ, ಗಮನಿಸಿ, ಎಂದಿತ್ತು. ಅರ್ಚನಾ ಅವಳಿಗೆ ಫೋನು ಮಾಡಿದಳು.

"ಸೀಸ ಕೇಳಿದ್ರಿ, ಅದನ್ನ ಅಳೆದೆ," ಅಂದಳು ಅಮೃತಾ. "ಅದರ ಪಕ್ಕದಲ್ಲೇ ತವರದ ಬೆಳಕೂ ಜೋರಾಗಿ ಕಂಡ್ತು. ವಿಷ ಹಾಕೋರು ತವರ ಯಾಕೆ ಹಾಕ್ತಾರೆ ಮೇಡಂ? ಅದನ್ನ ಯಾವ ಪಾತ್ರೆಯಲ್ಲಿ ಮಾಡಿದ್ರು ಕೇಳ್ರಿ."

ಸಂಜೆ ಐದಕ್ಕೆ ಜೀಪು ಹಂಪೇಶನ ಅಂಗಡಿಯ ಮುಂದೆ ನಿಂತಿತು. ಅನ್ನದಾನಮ್ಮ ಬಾಗಿಲಿಗೆ ಬಂದಳು. ಡಬ್ಬಿ ಸಿಕ್ಕ ಸುದ್ದಿ ಮಗನಿಂದ ಮೊದಲೇ ತಿಳಿದಿತ್ತು. ತೊಳೆದ ಸೀರೆ ಉಟ್ಟು, ಕೈಚೀಲದಲ್ಲಿ ಎರಡು ಸೀರೆ ಇಟ್ಟುಕೊಂಡು ತಯಾರಾಗಿದ್ದಳು.

"ತೊಕ್ಕಿನ್ಯಾಗ ಸೀಸ ಐತಮ್ಮ," ಅಂದಳು ಅರ್ಚನಾ.

"ನಾನ ಮಾಡೀನವ್ವ. ನನ್ನ ಕೈಯ್ಯಾರ. ಬ್ಯಾರೆ ಯಾರೂ ಮುಟ್ಟಿಲ್ಲ. ಹೇಳಿದ್ರ ಆಕಿ ಬಯಕಿ ತಪ್ಪತೈತಿ ಅಂತ ಅವತ್ತು ಇಲ್ಲ ಅಂದೆ. ಅದರಾಗ ಏನರ ಇದ್ರ ಅದು ನಂದ ತಪ್ಪು. ನಡಿ."

"ಯಾವ ಪಾತ್ರ್ಯಾಗ ಮಾಡಿದ್ರಿ?"

ಆಕೆಗೆ ಪ್ರಶ್ನೆ ಅರ್ಥವಾಗಲಿಲ್ಲ. ಅರ್ಚನಾ ಕಾದಳು. ಹಂಪೇಶನೇ ಅಟ್ಟ ಹತ್ತಿ ಹಿತ್ತಾಳೆಯ ಬೋಗಣಿ ಇಳಿಸಿ ತಂದ. ಹೊರಮೈ ಹುಣಸೆಯಿಂದ ತಿಕ್ಕಿ ಬಂಗಾರವಾಗಿತ್ತು. ಒಳಗೆ ಬೆಳ್ಳಿಯ ಹಾಗೆ ಹೊಳೆಯುತ್ತಿದ್ದ ತವರದ ಕಲಾಯಿ ತಳದಲ್ಲಿ ಮಾತ್ರ ಕಪ್ಪುಗಟ್ಟಿತ್ತು.

"ಬರೀ ಹಿತ್ತಾಳ್ಯಾಗ ಹುಳಿ ಇಟ್ರ ಕಿಲುಬು ಬರತೈತಿ, ವಿಷ ಆಗತೈತಿ. ಬಸುರಿ ಹೆಂಗಸು ತಿನ್ನೂದು ಅಂತ ಹೊಸದಾಗಿ ಕಲಾಯಿ ಹಾಕಿಸಿದೆ," ಅಂದಳು ಅನ್ನದಾನಮ್ಮ. ದನಿಯಲ್ಲಿ ಇನ್ನೂ ಒಂದಿಷ್ಟು ಹೆಮ್ಮೆಯಿತ್ತು. "ಈಗ ಯಾರು ಹಾಕ್ತಾರವ್ವ ಕಲಾಯಿ? ಯುಗಾದಿ ಆದ ಮ್ಯಾಲೆ ನಾಲ್ಕು ಸಂತಿ ಹುಡುಕಿ ಬೊಮ್ಮಯ್ಯನ್ನ ಹಿಡದೆ. ಮೊದಲೆಲ್ಲ ನಮ್ಮ ಎದುರಿಗೇ ಹಚ್ಚತಿದ್ದ, ಈ ಸಲ ಸಂತಿ ಮಾಡಿಕೊಂಡು ಬಾ ತಂಗಿ ಅಂದ. ಬರೂದ್ರಾಗ..."

ಅಲ್ಲಿಗೆ ಮಾತು ನಿಂತಿತು. ಬೋಗಣಿ ನೋಡಿದಳು, ಅರ್ಚನಾಳನ್ನು ನೋಡಿದಳು. ಕೈಚೀಲ ಅಲ್ಲೇ ಬಿಟ್ಟು ಹೊಸ್ತಿಲ ಮೇಲೆ ಕುಸಿದು ಕೂತಳು. ಮಂಜಮ್ಮ ಪಕ್ಕದಲ್ಲಿ ಕೂತು ಆಕೆಯ ಬೆನ್ನ ಮೇಲೆ ಕೈಯಿಟ್ಟಳು. ಪೊಲೀಸ್ ಕೆಲಸದಲ್ಲಿ ಅದಕ್ಕೆ ಕಲಮಿಲ್ಲ, ಅರ್ಚನಾ ಬೇಡವೆನ್ನಲೂ ಇಲ್ಲ.

ಬೋಗಣಿಯ ಒಳಮೈ ಕೆರೆದು ಕಳಿಸಿದ ಚೂರಿಗೆ ಮೂರೇ ದಿನದಲ್ಲಿ ಉತ್ತರ ಬಂತು. ಕಲಾಯಿಯ ಅರ್ಧದಷ್ಟು ಸೀಸ. ಅಪ್ಪಟ ತವರ ಇರಬೇಕಾದ ಜಾಗದಲ್ಲಿ ಸೀಸ ಕೂತು, ಹುಣಸೆಯ ಹುಳಿಗೆ ದಿನಾ ಅಷ್ಟಷ್ಟೇ ಕರಗಿ ಇಳಿದಿತ್ತು.

ಬೊಮ್ಮಯ್ಯನಿಗೆ ಎಪ್ಪತ್ತರ ಹತ್ತಿರ. ಊರು ಚಿಗಟೇರಿ. ಹಳೆಯ ಮೊಪೆಡ್ಡಿಗೆ ತಿದಿ, ಇದ್ದಿಲಿನ ಚೀಲ ಕಟ್ಟಿಕೊಂಡು ಕೂಡ್ಲಿಗಿ, ಹಗರಿಬೊಮ್ಮನಹಳ್ಳಿಯ ತನಕ ಸಂತೆ ತಿರುಗುತ್ತಿದ್ದ. ಈ ಸೀಮೆಗೆ ಉಳಿದ ಕಲಾಯಿಗಾರ ಅವನೊಬ್ಬನೇ. ಜುಲೈ ಇಪ್ಪತ್ತೆರಡರಂದು ಸುಂಕಪ್ಪ ಪಂಚೆ ಉಟ್ಟು, ತನ್ನ ಮನೆಯ ಹಿತ್ತಾಳೆ ತಂಬಿಗೆ ಹಿಡಿದು ಚಿಗಟೇರಿಯಲ್ಲಿ ಅವನ ಮನೆಯ ಮುಂದಿನ ಬೇವಿನ ಮರದ ಕೆಳಗೆ ಹೋಗಿ ನಿಂತ. ಅರ್ಚನಾ ಮಫ್ತಿಯಲ್ಲಿ, ಪಂಚರ ಜೊತೆ ಎದುರಿನ ಚಹಾದಂಗಡಿಯಲ್ಲಿ ಕೂತಳು.

"ಇಟ್ಟು ಹೋಗ್ರಿ. ಚಾ ಕುಡದು ಬರೂದ್ರಾಗ ಆಗಿರತೈತಿ," ಅಂದ ಬೊಮ್ಮಯ್ಯ.

ಸುಂಕಪ್ಪ ಬಂದು ಅರ್ಚನಾಳ ಹಿಂದೆ ಕೂತ. ಅವಳು ನೋಡುತ್ತಿದ್ದಳು. ಅವಳು ಚಿಕ್ಕವಳಿದ್ದಾಗ ಹಡಗಲಿಯಲ್ಲಿ ಕಲಾಯಿಯವನು ಬಂದರೆ ಓಣಿಯೇ ಸುತ್ತ ನಿಲ್ಲುತ್ತಿತ್ತು. ನವಸಾಗರದ ಪುಡಿ ಉದುರಿಸಿದಾಗ ಏಳುವ ಬಿಳಿ ಹೊಗೆ, ಹತ್ತಿಯಿಂದ ಒಂದು ಸುತ್ತು ತಿಕ್ಕಿದರೆ ಕಪ್ಪು ಪಾತ್ರೆ ಬೆಳ್ಳಗಾಗುವ ಚಂದ. ಆ ಗಳಿಗೆಗೆ ಜನ ಬೇಕು ಎಂದು ಕಲಾಯಿಯವನೇ ಕೂಗಿ ಕರೆಯುತ್ತಿದ್ದ. ಈ ಮುದುಕ ಬಂದ ಗಿರಾಕಿಯನ್ನು ಕಳಿಸಿ, ಅತ್ತಿತ್ತ ನೋಡಿ, ರಸ್ತೆಗೆ ಬೆನ್ನು ಮಾಡಿ ಕೂತ.

ತಂಬಿಗೆ ಆಗುತ್ತಿದ್ದಂತೆ ಅವಳು ಎದ್ದು ಹೋಗಿ ಎದುರು ಕುಕ್ಕರಗಾಲಲ್ಲಿ ಕೂತಳು. ಗುರುತಿನ ಚೀಟಿ ತೋರಿಸಿದಳು. ಬೊಮ್ಮಯ್ಯ ಬೆಚ್ಚಲಿಲ್ಲ. ಕೈಗಳನ್ನು ಹೆಗಲ ಟವೆಲಿನ ಕೆಳಗೆ ಸೇರಿಸಿಕೊಂಡ. ಪಂಚರ ಮುಂದೆ ಅವನ ಚೀಲ ಬಿಚ್ಚಿದರು. ಮೈಲಾರದ ಹೊಳೆ ಕಡೆಯ ಮೀನುಗಾರರು ಬಲೆಗೆ ಕಟ್ಟುವ ಸೀಸದ ಗುಂಡುಗಳು ಒಂದು ಹಿಡಿ. ಅದರ ಜೊತೆ ಬಟ್ಟೆಯಲ್ಲಿ ಸುತ್ತಿದ ಒಂದು ತವರದ ಕಡ್ಡಿ, ಬೆಂಕಿ ಕಾಣದ್ದು, ಎರಡೂ ತುದಿ ಹೊಸದಾಗಿತ್ತು.

ಸುಂಕಪ್ಪ ಅದನ್ನೆತ್ತಿ ನೋಡಿದ. ತವರ ತುಟ್ಟಿ, ಅದಕ್ಕೇ ಕಳ್ಳತನದ ಕಲಬೆರಕೆ ಎಂದು ಅವನು ಬರುವ ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದ. ಕೊಂಡು ತಂದ ತವರವನ್ನು ಹಚ್ಚದೆ ಇಟ್ಟುಕೊಂಡ ಕಳ್ಳನನ್ನು ಅವನು ನೋಡಿರಲಿಲ್ಲ.

"ಅಪ್ಪಟ ತವರ ಚೀಲದಾಗ ಐತಿ," ಅಂದಳು ಅರ್ಚನಾ. "ಇದನ್ನ ಯಾಕ ಹಚ್ಚಲಿಲ್ಲ ಅಜ್ಜ?"

ಕೇಳಿ ಕಾದಳು. ಇದ್ದಿಲು ಬೂದಿಯಾಗುತ್ತ ಬಂತು. ಬೊಮ್ಮಯ್ಯ ಟವೆಲು ಸರಿಸಿ ಎರಡೂ ಕೈ ಮುಂದೆ ಹಿಡಿದ. ಬೆರಳುಗಳು ನಡುಗುತ್ತಿದ್ದವು. ಹಿಡಿದು ನಿಲ್ಲಿಸಲು ನೋಡಿದಷ್ಟೂ ಹೆಚ್ಚಾಗಿ ನಡುಗಿದವು.

"ಎರಡು ವರ್ಷಾತು. ಅಪ್ಪಟ ತವರ ಯಾರಿಗೂ ಕಾಯಂಗಿಲ್ಲವ್ವ. ಕರಗಿದ್ದ ತಡ ಒಂದ ಸುತ್ತಿಗೆ ಕೈ ಓಡಬೇಕು, ಇಲ್ಲಂದ್ರ ಗಂಟುಗಂಟಾಗಿ ನಿಲ್ಲತೈತಿ. ಸೀಸ ಕೂಡಿಸಿದ್ರ ಒಂದೀಟು ಹೊತ್ತು ಮೆತ್ತಗ ಇರತೈತಿ. ನನ್ನ ಕೈ ಬರೂತನಕ ಕಾಯತೈತಿ."

"ವಿಷ ಅಂತ ಗೊತ್ತಿತ್ತೇನು?"

"ಗೊತ್ತಿತ್ತು. ಕೆಲಸ ಕಲಿಸಾಗ ನಮ್ಮಪ್ಪ ಹೇಳಿದ ಮೊದಲನೆ ಮಾತ ಅದು. ದೇವರ ಸಾಮಾನಿಗೆ ಅಷ್ಟ ಅಂತ ಶುರು ಮಾಡಿದೆ. ಉಣ್ಣೂ ಪಾತ್ರಿ ಬಂದ್ರ ಪುರಸೊತ್ತಿಲ್ಲ ಅಂತ ಹೇಳಿ ಕಳಿಸತಿದ್ದೆ."

"ಬೋಗಣಿ?"

ಅವನು ತಲೆ ತಗ್ಗಿಸಿದ. "ಅನ್ನದಾನಮ್ಮ ಬಂದ್ಲು. ಸೊಸಿಗೆ ಬಯಕಿ ಅಂದ್ಲು. ಆಕಿ ಬಸುರಿ ಇದ್ದಾಗೂ ಆ ಬೋಗಣಿಗೆ ಕಲಾಯಿ ಹಾಕಿದವ ನಾನ. ನಿನ್ನ ಕೈಯಂಥ ಕೈ ಇಲ್ಲ ಬೊಮ್ಮಣ್ಣ, ಅದಕ್ಕ ಹುಡುಕ್ಯಾಡಿ ಬಂದೆ ಅಂದ್ಲು. ನನ್ನ ಕೈ ಸೋತಾವ ತಂಗಿ ಅನ್ನಬೇಕಿತ್ತು. ಬಾಯಿಗೆ ಬರಲಿಲ್ಲ." ಬೂದಿ ನೋಡುತ್ತ ಕೇಳಿದ. "ಕೂಸು?"

"ಐತಿ. ಇನ್ನೂ ಐತಿ."

ಬೊಮ್ಮಯ್ಯ ಟವೆಲಿನಲ್ಲಿ ಮುಖ ಒರೆಸಿಕೊಂಡ. ಬೇರೆ ಯಾರ ಪಾತ್ರೆಗೆ ಹಚ್ಚಿದ್ದಾನೆಂದು ಕೇಳಿದರೆ ಊರು, ಓಣಿ, ಮನೆಯವರ ಹೆಸರು ಹಿಡಿದು ಒಂದೂ ಬಿಡದೆ ಹೇಳಿದ. ಬಾಗಳಿಯ ಒಂದು ಮನೆಯ ಗಂಗಾಳವೂ ಅದರಲ್ಲಿತ್ತು. ದೇವರ ನೈವೇದ್ಯಕ್ಕೆಂದು ಹಾಕಿಸಿದ್ದು, ಮನೆಯವರು ಉಣ್ಣಲಿಕ್ಕೂ ಬಳಸುತ್ತಿದ್ದರು. ಅಂದೇ ಇಬ್ಬರು ಕಾನ್‌ಸ್ಟೆಬಲ್‌ಗಳು ಆಟೊದಲ್ಲಿ ಮೈಕು ಕಟ್ಟಿಕೊಂಡು ಆ ಪಾತ್ರೆಗಳನ್ನು ತರಲು ಹೊರಟರು.

ವಿಷವಸ್ತುವಿನ ಬಗ್ಗೆ ನಿರ್ಲಕ್ಷ್ಯ, ಜೀವಕ್ಕೆ ಅಪಾಯ. ಈ ಎರಡು ಕಲಮುಗಳಡಿ ಬೊಮ್ಮಯ್ಯನನ್ನು ಬಂಧಿಸಿ ಠಾಣೆಗೆ ತಂದಾಗ ಮಧ್ಯಾಹ್ನ ಮೂರಾಗಿತ್ತು. ಠಾಣೆಯಲ್ಲೇ ಜಾಮೀನು ಕೊಡಬಹುದಾದ ಪ್ರಕರಣ, ಬೊಮ್ಮಯ್ಯನ ಅಳಿಯ ಬಂದು ಹೊರಗೆ ನಿಂತಿದ್ದ. ಆರೋಪಿಯ ಪಟ್ಟಿಯಿಂದ ಅನ್ನದಾನಮ್ಮನ ಹೆಸರು ತೆಗೆಯಲು ನ್ಯಾಯಾಲಯಕ್ಕೆ ವರದಿ ಬರೆಯಬೇಕಿತ್ತು. ಅದಕ್ಕೆ ಹೇಳಿಕೆ ಕೊಡಲು ಭೀಮರಾಜನೂ ಬಂದಿದ್ದ, ಅನ್ನದಾನಮ್ಮನೂ ಬಂದಿದ್ದಳು. ಒಂದೇ ಬೆಂಚಿನ ಎರಡು ತುದಿಗೆ ಕೂತಿದ್ದರು.

"ರಕ್ತದ ರಿಪೋರ್ಟ್ ಬಂತ್ರಿ," ಅಂದ ಭೀಮರಾಜ. ಅರ್ಚನಾಳಿಗೇ ಹೇಳಿದ್ದು, ಆದರೆ ಬೆಂಚಿನ ಆ ತುದಿಗೆ ಕೇಳುವಷ್ಟು ಜೋರಾಗಿ. "ಇಪ್ಪತ್ತೊಂಬತ್ತಕ್ಕ ಇಳದೈತಿ. ಕೂಸು ಒದೀತೈತಂತ. ಇನ್ನೂ ನೋಡಬೇಕು ಅಂದಾರ ಡಾಕ್ಟರು, ಆದ್ರ ಇಳದೈತಿ."

ಅನ್ನದಾನಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ಚೀಲದಿಂದ ಸ್ಟೀಲಿನ ಫ್ಲಾಸ್ಕು ತೆಗೆದಳು. ಅದಕ್ಕೆ ಇದ್ದದ್ದು ಮುಚ್ಚಳದ ಒಂದೇ ಲೋಟ. ಅದರ ತುಂಬ ಚಹಾ ಬಗ್ಗಿಸಿ ಭೀಮರಾಜನ ಮುಂದೆ ಹಿಡಿದಳು. ಅವನು ನೋಡಿದ, ತೆಗೆದುಕೊಂಡ, ಕುಡಿದು ಲೋಟ ಹಿಂದಕ್ಕೆ ಕೊಟ್ಟ. ಆಕೆ ಅದನ್ನು ತೊಳೆಯಲಿಲ್ಲ, ಒರೆಸಲೂ ಇಲ್ಲ. ಅದರಲ್ಲೇ ತನಗೆ ಬಗ್ಗಿಸಿಕೊಂಡು ಕುಡಿದಳು. ಸುಂಕಪ್ಪನಿಗೆ ಏಕೋ ಹೊರಗೆ ಹೋಗಿ ಜೀಪಿನ ಗಾಜು ಒರೆಸುವ ಕೆಲಸ ನೆನಪಾಯಿತು.

"ಈ ಸಲ ಗಡಿಗ್ಯಾಗ ಮಾಡೀನಿ ತೊಕ್ಕು," ಅಂದಳು ಅನ್ನದಾನಮ್ಮ. "ಪರೀಕ್ಷಿ ಮಾಡೋ ಆ ದಾವಣಗೆರಿ ಹುಡುಗಿ ಕಡೆ ತೋರಿಸಿ, ಚಲೋ ಐತಿ ಅಂದ್ರ ಅಷ್ಟ ಒಯ್ರಿ ಅಣ್ಣಾರ."

"ತೋರಿಸಿ ನಾನ ಒಯ್ತೀನಿ," ಅಂದ ಭೀಮರಾಜ.

ಒಳಗಿನ ಕೋಣೆಯಿಂದ ಬೊಮ್ಮಯ್ಯನನ್ನು ಮೇಜಿನ ಹತ್ತಿರ ಕರೆತಂದರು. ಅವನ ಹೇಳಿಕೆ ಸುಂಕಪ್ಪನಿಂದ ಆಗಲೇ ತಿಳಿದಿದ್ದ ಅನ್ನದಾನಮ್ಮ ಅವನನ್ನು ಕಂಡು ಎದ್ದು ನಿಂತಳು. ಬೈಯುತ್ತಾಳೆಂದು ಮಂಜಮ್ಮ ಅಡ್ಡ ಬರಲು ನೋಡಿದಳು. "ಕೈ ಸೋತಾವ ಅಂದಿದ್ರ ನಾ ಏನಂತಿದ್ನೋ ಬೊಮ್ಮಣ್ಣ," ಅಂದಳು ಅಷ್ಟೇ. ಅವಳ ದನಿಯಲ್ಲಿ ಸಿಟ್ಟಿತ್ತು, ಅದಕ್ಕಿಂತ ಜಾಸ್ತಿ ಅಳುವಿತ್ತು. ಅವನು ತಲೆ ಎತ್ತಲಿಲ್ಲ.

ಬಂಧನದ ಪತ್ರಕ್ಕೆ ಆರೋಪಿಯ ಸಹಿ ಬೇಕಿತ್ತು. ಸುಂಕಪ್ಪ ಅವನ ಕೈ ನೋಡಿ, ಕನಿಕರದಿಂದಲೇ, ಹೆಬ್ಬೆಟ್ಟಿನ ಶಾಯಿಯ ಡಬ್ಬಿ ತಂದು ಮುಚ್ಚಳ ತೆಗೆದಿಟ್ಟ.

"ಸಹಿ ಬರತೈತ್ರಿ ನನಗ," ಅಂದ ಬೊಮ್ಮಯ್ಯ ಮೆಲ್ಲಗೆ.

ಪೆನ್ನು ಹಿಡಿದ. ಅದರ ತುದಿ ಕಾಗದದ ಮೇಲೆ ಟಕಟಕ ಬಡಿಯಿತು. ಒಂದು ಗೀರು ಎಳೆದು ನಿಂತ, ಸುತ್ತಲಿದ್ದವರನ್ನು ನೋಡಿದ, ಕೈಯನ್ನು ಟವೆಲಿನ ಕಡೆಗೆ ಎಳೆದುಕೊಳ್ಳಲು ಹೋದ. ಅರ್ಚನಾ ಶಾಯಿಯ ಡಬ್ಬಿಯ ಮುಚ್ಚಳ ಹಾಕಿ ಪಕ್ಕಕ್ಕೆ ಸರಿಸಿದಳು. ಕುರ್ಚಿ ಎಳೆದು ಅವನ ಎದುರು ಕೂತಳು.

"ಬರೀರಿ ಅಜ್ಜ," ಅಂದಳು. "ನನಗ ಅವಸರ ಇಲ್ಲ."

ಬೊಮ್ಮಯ್ಯ ಮತ್ತೆ ಪೆನ್ನು ಊರಿದ. ಸೊಟ್ಟಗೆ, ದೊಡ್ಡದಾಗಿ, ಮೊದಲ ಅಕ್ಷರ ಮೂಡಿತು. ಅರ್ಚನಾ ಕೈಕಟ್ಟಿ ಕಾಯುತ್ತ ಕೂತಳು.